ಕೋಣೆಯಲ್ಲೇ ಕೂತು ನಿಮ್ಮ ಹಾಡು ಬರೆದು, ನೀವೇ ರೆಕಾರ್ಡ್ ಮಾಡುವುದು ಹೇಗೆ

ಇಪ್ಪತ್ತರ ಆಸುಪಾಸಿನಲ್ಲಿದ್ದೀರಿ. ಸಂಗೀತ ಕಲಿತಿಲ್ಲ. ಆದರೂ ತಲೆಯಲ್ಲಿ ಒಂದು ಸಾಲು ಸುತ್ತುತ್ತಲೇ ಇರುತ್ತದೆ, ಅಲ್ವಾ? ಹಾಗಿದ್ದರೆ ಯಾವ ಮೈಕ್ ಒಳ್ಳೆಯದು ಅಂತ ಹುಡುಕುವುದನ್ನು ಇವತ್ತಿಗೆ ಬಿಡಿ. ಫೋನಿನ ರೆಕಾರ್ಡರ್ ತೆರೆದು ಆ ಸಾಲನ್ನು ಈಗಲೇ ಗುನುಗಿ ಇಟ್ಟುಕೊಳ್ಳಿ. ಬೆಳಗ್ಗೆ ನೋಡೋಣ ಅಂದರೆ ಅದು ಇರುವುದಿಲ್ಲ.

ಕೇಳಿದಾಗ ನಿಮ್ಮ ದನಿ ನಿಮಗೇ ಹಿಡಿಸುವುದಿಲ್ಲ. ಎಲ್ಲರಿಗೂ ಹಾಗೇ. ಹಾಡುವಾಗ ನಮ್ಮ ದನಿ ಗಾಳಿಯಿಂದ ಮಾತ್ರವಲ್ಲ, ತಲೆಯ ಮೂಳೆಗಳ ಮೂಲಕವೂ ಕಿವಿಗೆ ಬರುತ್ತದೆ, ಹಾಗಾಗಿ ನಮಗೆ ಅದು ದಪ್ಪಗೆ, ತುಂಬಿಕೊಂಡ ಹಾಗೆ ಕೇಳಿಸುತ್ತದೆ; ರೆಕಾರ್ಡಿಂಗಿನಲ್ಲಿ ಆ ಭಾಗ ಇರುವುದಿಲ್ಲ. ಬೇರೆಯವರು ಇಷ್ಟು ವರ್ಷ ಕೇಳಿರುವುದು ಈ ದನಿಯನ್ನೇ. ಒಂದು ತಿಂಗಳು ದಿನಾ ಹಾಡಿ, ರೆಕಾರ್ಡ್ ಮಾಡಿ, ಕೇಳಿ. ಶ್ರುತಿ ಎಲ್ಲಿ ಜಾರುತ್ತಿದೆ, ಉಸಿರು ಎಲ್ಲಿ ಸಾಲುತ್ತಿಲ್ಲ ಅಂತ ತಾನಾಗೇ ಗೊತ್ತಾಗುತ್ತದೆ. ಹೇಳಿಕೊಡುವವರು ಯಾರೂ ಇಲ್ಲದಾಗ ನಾನು ಕಲಿತದ್ದು ಹೀಗೆಯೇ.

ಇನ್ನು ಹಾಡು ಬರೆಯುವುದು. ಗಿಟಾರಿನಲ್ಲಿ ಜಿ, ಸಿ, ಡಿ, ಇ ಮೈನರ್, ಈ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಂದರೆ ಶುರು ಮಾಡಬಹುದು. ಹಾಡು ನಿಮ್ಮ ದನಿಗೆ ತಗ್ಗಾಯಿತು ಅನ್ನಿಸಿದರೆ ಗಿಟಾರಿನ ಕುತ್ತಿಗೆಗೆ ಕೇಪೋ, ಅಂದರೆ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿ. ಒಂದೊಂದು ಫ್ರೆಟ್‌ಗೂ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಅರ್ಧ ಸ್ವರ ಏರುತ್ತದೆ. ಪದ ಸಿಗದ ಕಡೆ ಸುಮ್ನೆ ತನನ ಅಂತ ಹಾಡಿ ಮುಂದೆ ಹೋಗಿ. ಆದರೆ ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ರಾಗ ಎಲ್ಲಿ ಉದ್ದಕ್ಕೆ ಎಳೆಯುತ್ತದೋ ಅಲ್ಲಿ ದೀರ್ಘಾಕ್ಷರವೇ ಬೀಳಲಿ. ‘ಹಳೆಯ ಮನೆ’ಯ ಮೊದಲ ಅಕ್ಷರ ಎಳೆದರೆ ಅದು ‘ಹಾಳೆಯ ಮನೆ’ ಆಗುತ್ತದೆ. ‘ದಾರಿ’ಯ ‘ದಾ’ವನ್ನು ಎಷ್ಟು ಬೇಕಾದರೂ ಎಳೆಯಿರಿ, ಮಾತು ಕೆಡುವುದಿಲ್ಲ.

ಜಾಸ್ತಿ ಜನ ಎರಡನೇ ಚರಣದಲ್ಲಿ ಕೈಬಿಡುತ್ತಾರೆ. ಮೊದಲ ಚರಣದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಲು ಹೋಗುವುದರಿಂದ ಹೀಗಾಗುತ್ತದೆ. ಹೊತ್ತು ಬದಲಿಸಿ, ಇಲ್ಲವೇ ಜಾಗ ಬದಲಿಸಿ. ರಾತ್ರಿಯ ಹಾಡಾದರೆ ಮರುದಿನ ಬೆಳಗ್ಗೆ ಏನಾಯಿತು ಅಂತ ಬರೆಯಿರಿ. ಹಾಡು ಚೆನ್ನಾಗಿಲ್ಲ ಅನ್ನಿಸಿದರೂ ಮುಗಿಸಿಯೇ ಏಳಿ.

ಮೂರು ಹಾಡು ಪೂರ್ತಿಯಾದ ಮೇಲೆ ಸಾಮಾನು ಕೊಳ್ಳಿ. ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ), ಒಂದು ಮೈಕ್, ಕಿವಿ ಮುಚ್ಚುವ ಹೆಡ್‌ಫೋನ್, ಇಷ್ಟು ಸಾಕು. ಸಾಧಾರಣ ಕೋಣೆಗೆ ಡೈನಾಮಿಕ್ ಮೈಕ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇನ್ನೊಂದು ಬಗೆಯ ಮೈಕಾದ ಕಂಡೆನ್ಸರ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಇಂಟರ್‌ಫೇಸಿನಿಂದ ಕೇಬಲ್ಲಿನಲ್ಲೇ ಬರುವ ವಿದ್ಯುತ್ತು, ಬೇಕು, ಜೊತೆಗೆ ಅದು ಕೋಣೆಯ ಸದ್ದನ್ನೂ ಜಾಸ್ತಿ ಹಿಡಿಯುತ್ತದೆ. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ರೀಪರ್ ಆಗಲಿ, ಗ್ಯಾರೇಜ್‌ಬ್ಯಾಂಡ್ ಆಗಲಿ, ಉಚಿತವಾಗಿ ಸಿಗುವ ಅಡಾಸಿಟಿ ಆಗಲಿ, ಒಂದನ್ನೇ ಹಿಡಿದು ಕಲಿಯಿರಿ.

ಮೈಕಿಗಿಂತ ಕೋಣೆ ಮುಖ್ಯ. ಬರಿಗೋಡೆಗೆ ಮುಖ ಮಾಡಿ ಹಾಡಿದರೆ ಸದ್ದು ತಿರುಗಿ ಬಂದು ಮೈಕಿಗೆ ಸೇರುತ್ತದೆ, ಆಮೇಲೆ ಅದನ್ನು ತೆಗೆಯುವುದು ತುಂಬಾ ಕಷ್ಟ. ನಿಮ್ಮ ಬೆನ್ನ ಹಿಂದೆ ದಪ್ಪ ಹೊದಿಕೆ ನೇತುಹಾಕಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಕಡೆಗೆ ಹಾಡಿ. ಫ್ಯಾನ್ ಆರಿಸಿ. ಮೈಕಿನಿಂದ ಸುಮಾರು ಒಂದು ಗೇಣು ದೂರ ಇರಿ. ತೀರಾ ಹತ್ತಿರ ಹೋದರೆ ತಗ್ಗು ಸ್ವರಗಳು ಉಬ್ಬುತ್ತವೆ. ‘ಪ’, ‘ಭ’ ಬಂದಾಗ ಗಾಳಿ ಬಡಿಯುತ್ತಿದ್ದರೆ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ. ಗಿಟಾರಿಗಾದರೆ ಮೈಕ್ 12ನೇ ಫ್ರೆಟ್ ಕಡೆ ಇರಲಿ, ತೂತಿನ ಎದುರು ಬೇಡ, ಗುಂಯ್‌ಗುಡುತ್ತದೆ.

ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ 24 ಬಿಟ್ ಆರಿಸಿ ರೆಕಾರ್ಡ್ ಮಾಡಿ. ಅತಿ ಜೋರಾದ ಸಾಲು ಹಾಡುವಾಗ ಮೀಟರ್ -12ರಿಂದ -6 ಡೆಸಿಬೆಲ್ ಒಳಗಿರಲಿ, ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. ಹೆಡ್‌ಫೋನಿನಲ್ಲಿ ನಿಮ್ಮ ದನಿ ತಡವಾಗಿ ಬರುತ್ತಿದ್ದರೆ ಅದೇ ಸೆಟ್ಟಿಂಗಿನಲ್ಲಿ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಣುಕು) 128ಕ್ಕೆ ಇಳಿಸಿ. ನಾಲ್ಕೈದು ಸಲ ಪೂರ್ತಿ ಹಾಡಿ, ಆಮೇಲೆ ಸಾಲು ಸಾಲಾಗಿ ಒಳ್ಳೆಯದನ್ನು ಆರಿಸಿ ಜೋಡಿಸಿ. ಮಿಕ್ಸಿಂಗಿನಲ್ಲಿ, ಅಂದರೆ ದನಿ, ಗಿಟಾರುಗಳನ್ನು ಹೊಂದಿಸಿ ಸೇರಿಸುವಾಗ, ದನಿಯ 80 ಹರ್ಟ್ಜ್ ಕೆಳಗಿನ ತಗ್ಗು ಸದ್ದನ್ನು ಕತ್ತರಿಸಿ, ರಿವರ್ಬ್ (ಪ್ರತಿಧ್ವನಿಯಂಥ ಗುಂಗು) ಕಡಿಮೆ ಹಾಕಿ, ಫೋನಿನ ಸ್ಪೀಕರಿನಲ್ಲೂ ಒಮ್ಮೆ ಕೇಳಿ.

ಪ್ರಾಜೆಕ್ಟ್ ಫೋಲ್ಡರನ್ನು ಅದೇ ದಿನ ಎರಡು ಕಡೆ ಕಾಪಿ ಮಾಡಿ. ಹಾರ್ಡ್ ಡಿಸ್ಕ್ ಕೆಟ್ಟು ನನ್ನ ಮೊದಲ ಆರು ಹಾಡು ಹೋದವು. ಸಾಹಿತ್ಯ ನೋಟ್‌ಬುಕ್‌ನಲ್ಲಿತ್ತು, ಮತ್ತೆ ಹಾಡಿದೆ. ಆ ವಯಸ್ಸಿನ ದನಿ ಮಾತ್ರ ಸಿಗಲಿಲ್ಲ.