ಮಳೆಗಾಲದಲ್ಲಿ ಜರ್ಕ್ ಹೊಡೆಯುತ್ತಿದ್ದ ಕಾರು: ಪ್ಲಗ್ ನಾನೇ ಬದಲಿಸಿದೆ

ಮಳೆ ಹಿಡಿದ ಮೇಲೆ ತೀರ್ಥಹಳ್ಳಿಯ ನಮ್ಮ ಮನೆಯ ಹಳೇ ಮೂರು ಸಿಲಿಂಡರ್ ಕಾರು ಬೆಳಗ್ಗೆ ಸ್ಟಾರ್ಟ್ ಆಗೋಕೇ ಸತಾಯಿಸುತ್ತಿತ್ತು. ಆಗುಂಬೆ ಘಾಟಿ ಹತ್ತುವಾಗಲಂತೂ ಎರಡನೇ ಗೇರಿನಲ್ಲೂ ಜರ್ಕ್. ಪೆಟ್ರೋಲಿಗೆ ನೀರು ಸೇರಿದೆ ಅಂದುಕೊಂಡಿದ್ದೆ. ಆದರೂ ಪೆಟ್ರೋಲ್ ಹೊತ್ತಿಸೋ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡೋಣ ಅಂತ ಭಾನುವಾರ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಬಾನೆಟ್ ಎತ್ತಿದೆ.

ಇಂಜಿನ್ ಪೂರ್ತಿ ತಣ್ಣಗಾಗಿರಲೇಬೇಕು. ಪ್ಲಗ್ ಕೂತಿರುವ ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂ; ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ಡೇ ಕಿತ್ತುಬರಬಹುದು. ಪ್ಲಗ್‌ಗಳ ವೈರ್‌ಗಳಿಗೆ ಅದಲುಬದಲಾಗದಂತೆ ಟೇಪ್ ಸುತ್ತಿ 1, 2, 3 ಅಂತ ಬರೆದೆ. ಬಿಚ್ಚುವಾಗ ವೈರಿನ ತುದಿಯ ಕ್ಯಾಪ್ ಹಿಡಿದು ಎಳೆಯಬೇಕು, ವೈರ್ ಹಿಡಿದಲ್ಲ. ಪ್ಲಗ್ ಬುಡದ ಮಣ್ಣನ್ನು ಸೈಕಲ್ ಪಂಪಿನಿಂದ ಊದಿ ತೆಗೆದೆ, ಇಲ್ಲದಿದ್ದರೆ ಅದು ಸಿಲಿಂಡರಿನೊಳಗೇ ಬೀಳುತ್ತೆ.

ಎರಡು ಪ್ಲಗ್‌ಗಳ ತುದಿ ತಿಳಿ ಕಂದು, ಅಂದರೆ ಸರಿಯಾಗಿಯೇ ಉರಿದಿವೆ. ಮಧ್ಯದ್ದು ಕಪ್ಪು ಮಸಿ. ಒರೆಸಿ ಬೆಳಕಿಗೆ ಹಿಡಿದಾಗ ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಬೆರಳಿಗೆ ತಿಳಿಯಲಿಲ್ಲ, ಉಗುರಿಗೆ ಸಿಕ್ಕಿತು. ಥಂಡಿಗೆ ಕಿಡಿ ಅಲ್ಲೇ ಸೋರುತ್ತಿತ್ತು.

ಮೂರನ್ನೂ ಬದಲಿಸಿದೆ. ಹೊಸದಾದರೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಹಾಕಿ, ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ ನೋಡಿ. ನನ್ನದರಲ್ಲಿ ಒಂದು ಹೆಚ್ಚಿತ್ತು, ಕೈಪಿಡಿಯಲ್ಲಿದ್ದ 0.8 ಮಿ.ಮೀ.ಗೆ ತಂದೆ. ಮೊದಲು ಬರೀ ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಅಷ್ಟೇ.

ಸಂಜೆ ಅಪ್ಪನ್ನ ಕೂರಿಸಿಕೊಂಡು ಸೋಮೇಶ್ವರಕ್ಕಿಳಿದು ವಾಪಸ್ ಘಾಟಿ ಹತ್ತಿದೆ. ಜೋರು ಮಳೆ, ಒಂದು ತಿರುವಿನಲ್ಲೂ ಜರ್ಕ್ ಬರಲಿಲ್ಲ.