ಎಸ್ಟೀಮ್ ಕಾರಿಗೆ ನಾನೇ ಮಾಡಿದ ಜಿಪಿಎಸ್ ಡಬ್ಬಿ

ಆಟೋಕ್ರಾಸ್ ಅಂದ್ರೆ ಎಂತ ಅಂತ ಗೊತ್ತಿಲ್ಲದವ್ರಿಗೆ ಒಂದು ಸಾಲಲ್ಲಿ ಹೇಳಿಬಿಡ್ತೇನೆ, ಮಣ್ಣಿನ ಗ್ರೌಂಡಲ್ಲಿ ಕೋನ್ ಇಟ್ಟು ದಾರಿ ಮಾಡಿರ್ತಾರೆ, ಕಾರುಗಳು ಒಂದೊಂದಾಗಿ ಹೋಗ್ಬೇಕು, ಕಮ್ಮಿ ಟೈಮಲ್ಲಿ ಮುಗಿಸಿದವ ಗೆದ್ದ, ಕೋನಿಗೆ ತಾಗಿಸಿದ್ರೆ ಪೆನಾಲ್ಟಿ. ನನ್ನ ದೋಸ್ತಿ ಒಬ್ಬನಿಗೆ ಇದ್ರ ಹುಚ್ಚು ಉಂಟು. ಅವನ ಹತ್ರ ಇರುದು ಹಳೇ ಮಾರುತಿ ಎಸ್ಟೀಮ್, 1.3 ಲೀಟರಿನ ಎಂಜಿನ್, ಜಿಪ್ಸಿಯಲ್ಲಿ ಬರ್ತಿದ್ದ ಅದೇ ಜಾತಿ. ಗಾಡಿ ಹಗುರ, ಸ್ಪೇರ್ ಪಾರ್ಟ್ ಸಿಗ್ತದೆ, ಹಾಗಾಗಿ ಮಣ್ಣಲ್ಲಿ ಓಡಿಸುವವ್ರಿಗೆ ಇದು ಈಗಲೂ ಇಷ್ಟ. ಅವನದ್ದು ಒಂದೇ ರಾಗ, "ಸ್ಟ್ರೈಟಲ್ಲಿ ಎಳೆಯುದಿಲ್ಲ ಮಾರಾಯ, ಎಕ್ಸಾಸ್ಟ್ ಚೇಂಜ್ ಮಾಡ್ಬೇಕು, ಕ್ಯಾಮ್ ಹಾಕ್ಬೇಕು." (ಕ್ಯಾಮ್ ಅಂದ್ರೆ ಎಂಜಿನ್ನಿನ ವಾಲ್ವ್ ತೆರೆದು ಮುಚ್ಚುವ ಭಾಗ.) ಗ್ಯಾರೇಜಿನ ಅಣ್ಣನೂ ಹೂಂ ಅಂದಿದ್ರು, ಅವ್ರು ಬೇಡ ಅನ್ಲಿಕ್ಕೆ ಎಂತ ಕಾರಣ ಉಂಟು ಹೇಳಿ.

ನನಗೆ ಕಾರು ಬಿಡ್ಲಿಕ್ಕಿಂತ ಕಾರಿನೊಳಗೆ ಎಂತ ಆಗ್ತದೆ ಅಂತ ನೋಡುದ್ರಲ್ಲಿ ಇಂಟರೆಸ್ಟ್. ದುಡ್ಡು ಹಾಕುವ ಮುಂಚೆ ಟೈಮ್ ಎಲ್ಲಿ ಹೋಗ್ತದೆ ಅಂತ ಅಳೆದು ನೋಡುವ ಅಂದೆ. ರ‍್ಯಾಲಿಯಲ್ಲಾದ್ರೆ ಪಕ್ಕದಲ್ಲಿ ನ್ಯಾವಿಗೇಟರ್ ಇರ್ತಾರೆ, ಪೇಸ್ ನೋಟ್ಸ್, ಅಂದ್ರೆ ಮುಂದಿನ ತಿರುವು ಎಂಥದ್ದು ಅಂತ ಬರೆದಿಟ್ಟದ್ದನ್ನು ಓದಿ ಹೇಳ್ತಾರೆ. ಮಂಗಳೂರಿಂದ ಕೇರಳ ಗಡಿಯ ತಲಪಾಡಿ ದಾಟಿ ಸ್ವಲ್ಪ ಮುಂದೆ ಹೋದ್ರೆ ಕುಂಬಳೆ, ಆ ಕಡೆಯ ಮೂಸಾ ಶರೀಫ್, ಡ್ರೈವರ್ ಗೌರವ್ ಗಿಲ್ ಪಕ್ಕ ಕೂತು ನ್ಯಾಷನಲ್ ರ‍್ಯಾಲಿ ಗೆದ್ದವ್ರು, ಹಾಗಾಗಿ ನಮ್ಮ ಕಡೆಯ ಹುಡುಗರಿಗೆ ಆ ಸೀಟಿನ ಬೆಲೆ ಗೊತ್ತುಂಟು. ಆಟೋಕ್ರಾಸಲ್ಲಿ ನನ್ನ ದೋಸ್ತಿ ಒಬ್ಬನೇ, ಫಿನಿಶ್ ಆದ ಮೇಲೆ ಅವನಿಗೆ ನೆನಪಿರುದು ಕೋನಿಗೆ ತಾಗಿದ್ದು ಮಾತ್ರ.

ಫಸ್ಟಿಗೆ ಫೋನಲ್ಲೇ ನೋಡಿದ್ದು, ಓಟದ ಟೈಮ್, ಸ್ಪೀಡ್ ಬರೆದಿಡುವ ಆ್ಯಪಲ್ಲಿ. ರೇಸ್‌ಕ್ರೋನೋ ಆ್ಯಪ್ ಒಳ್ಳೇದೇ, ತೊಂದರೆ ಇರುದು ಫೋನಿನ ಜಿಪಿಎಸ್‌ದು, ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ಜಾಗ ಹೇಳ್ತದೆ. ಗಂಟೆಗೆ 60 ಕಿಲೋಮೀಟರಲ್ಲಿ ಹೋದ್ರೆ ಒಂದು ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಜಾಸ್ತಿ ದಾಟಿರ್ತೀರಿ, ಅಂದ್ರೆ ಒಂದು ಕೋನ್ ತಿರುಗಿ ಹೊರಗೆ ಬಂದಾಗ ಎರಡು ಚುಕ್ಕೆ ಸಿಕ್ಕಿದ್ರೆ ಪುಣ್ಯ. ರೇಸಿನವ್ರು ಬಳಸುವ ವಿಬಾಕ್ಸ್ ತರದ ಜಿಪಿಎಸ್ ಡಬ್ಬಿ ತಗೊಳ್ಳುವ ಹಾಗಿಲ್ಲ, ಆ ದುಡ್ಡಿಗೆ ಎಸ್ಟೀಮಿಗೆ ಎಂಜಿನ್ನೇ ಬರ್ತದೆ.

ಸರಿ, ನಾನೇ ಮಾಡುವ ಅಂತ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಯು-ಬ್ಲಾಕ್ಸ್ ನಿಯೋ-6ಎಂ ಜಿಪಿಎಸ್ ಮಾಡ್ಯೂಲ್, ಒಂದು ಮೈಕ್ರೋ ಎಸ್‌ಡಿ ರೀಡರ್ ತರಿಸಿದೆ. ವಯರು, ಹೆಡರ್ ಪಿನ್ನು, ಸ್ವಿಚ್ಚು ಎಲ್ಲ ಹಂಪನಕಟ್ಟೆ ಕಡೆ ಅಂಗಡಿಯಲ್ಲೇ ಸಿಕ್ತು.

ಈ ನಿಯೋ-6ಎಂ ಡಬ್ಬಿಯಿಂದ ತೆಗೆದಾಗ ಸೆಕೆಂಡಿಗೆ ಒಂದು ಸಲ ಮಾತ್ರ ಮಾತಾಡ್ತದೆ, ಆದ್ರೆ 5 ಹರ್ಟ್ಜ್ ತನಕ ಏರಿಸ್ಲಿಕ್ಕಾಗ್ತದೆ, ಅಂದ್ರೆ ಸೆಕೆಂಡಿಗೆ ಐದು ಸಲ, 200 ಮಿಲಿಸೆಕೆಂಡಿಗೊಂದು ರೀಡಿಂಗ್. ಏರಿಸಿದ ಕೂಡ್ಲೆ ಡೇಟಾ ತುಂಡು ತುಂಡಾಗಿ ಬರ್ಲಿಕ್ಕೆ ಶುರುವಾಗ್ತದೆ, ಎಷ್ಟೋ ಜನ ಮಾಡ್ಯೂಲ್ ಡೂಪ್ಲಿಕೇಟ್ ಅಂತ ಬಿಸಾಡುದು ಇಲ್ಲಿಯೇ. ಲೆಕ್ಕ ಹಾಕಿದ್ರೆ ಗೊತ್ತಾಗ್ತದೆ, ಅದು ಬೋರ್ಡಿಗೆ ಡೇಟಾ ಕಳಿಸುವ ಸೀರಿಯಲ್ ಲೈನಿನ ಸ್ಪೀಡು, ಅಂದ್ರೆ ಬಾಡ್ ರೇಟ್, 9600, ಹಾಗಾದ್ರೆ ಸೆಕೆಂಡಿಗೆ ಸುಮಾರು 960 ಬೈಟ್ ಅಷ್ಟೇ ಹೋಗುದು, ಅದರಲ್ಲಿ ಪ್ರತಿ ಸಲ ಇದು ಯಾವ ಸ್ಯಾಟಲೈಟ್ ಎಲ್ಲುಂಟು ಸಿಗ್ನಲ್ ಎಷ್ಟುಂಟು ಅಂತ ಪೂರ್ತಿ ಪುರಾಣ ಹೇಳ್ತದೆ, ಐದು ಸಲ ಹೇಳ್ಲಿಕ್ಕೆ ಜಾಗ ಎಲ್ಲಿ. ಹಾಗಾಗಿ ಜಿಎಸ್‌ವಿ, ಜಿಎಸ್‌ಎ, ಜಿಎಲ್‌ಎಲ್ ಅಂತ ಅದು ಕಳಿಸುವ ಸಾಲುಗಳನ್ನೆಲ್ಲ ಆಫ್ ಮಾಡಿ ಆರ್‌ಎಂಸಿ ಅನ್ನುವ ಸಾಲು ಒಂದನ್ನೇ ಇಟ್ಟೆ, ಟೈಮು, ಜಾಗ, ಸ್ಪೀಡು ಮೂರೂ ಆ ಒಂದು ಸಾಲಲ್ಲೇ ಇರ್ತದೆ, ಸ್ಪೀಡ್ ಹಡಗಿನವ್ರ ಲೆಕ್ಕ ನಾಟ್ಸಲ್ಲಿ ಬರುದು, 1.852 ರಿಂದ ಗುಣಿಸಿದ್ರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗ್ತದೆ. ಬಾಡ್ ರೇಟ್ 38400 ಮಾಡಿದೆ. ಇನ್ನೊಂದು, ಒಳಗೆ ಡೈನಾಮಿಕ್ ಮಾಡೆಲ್ ಅಂತ ಸೆಟ್ಟಿಂಗ್ ಉಂಟು, ಮಾಡ್ಯೂಲ್ ಯಾವ ತರ ಓಡಾಡ್ತದೆ ಅಂತ ಹೇಳುದು, ಅದನ್ನು ಪೋರ್ಟೆಬಲ್‌ನಿಂದ ಆಟೋಮೋಟಿವ್‌ಗೆ ಹಾಕ್ಬೇಕು. ಕಮ್ಮಿ ರೇಟಿನ ಬೋರ್ಡುಗಳಲ್ಲಿ ಕರೆಂಟ್ ತೆಗೆದ್ರೆ ಈ ಸೆಟ್ಟಿಂಗ್ ನಿಲ್ಲುದಿಲ್ಲ, ಅದಕ್ಕೆ ಪ್ರತಿ ಸಲ ಆನ್ ಆಗುವಾಗ ಇಎಸ್‌ಪಿಯೇ ಎಲ್ಲ ಕಮಾಂಡ್ ಪುನಃ ಕಳಿಸುವ ಹಾಗೆ ಬರೆದೆ.

ಎಸ್‌ಡಿ ಕಾರ್ಡಿಗೂ ಒಂದು ಚಾಳಿ ಉಂಟು, ಬರೀತಾ ಬರೀತಾ ಮಧ್ಯದಲ್ಲಿ ಸುಮ್ಮನೆ ನಿಲ್ತದೆ, ಕೆಲವೊಮ್ಮೆ ನೂರಾರು ಮಿಲಿಸೆಕೆಂಡ್. ಅಷ್ಟರಲ್ಲಿ ಜಿಪಿಎಸ್ ಹೇಳಿದ್ದು ಬಿದ್ದು ಹೋಗ್ತದೆ. ಇಎಸ್‌ಪಿ32 ರಲ್ಲಿ ಎರಡು ಕೋರ್ ಇರುದು ಒಳ್ಳೇದಾಯ್ತು, ಒಂದು ಕೋರು ಜಿಪಿಎಸ್ ಓದಿ ಕ್ಯೂಗೆ ಹಾಕ್ತದೆ, ಇನ್ನೊಂದು ಪುರ್ಸೊತ್ತಲ್ಲಿ ಕಾರ್ಡಿಗೆ ಬರೀತದೆ. ಸೆಕೆಂಡಿಗೊಮ್ಮೆ ಫ್ಲಶ್ ಮಾಡ್ಬೇಕು, ಅಂದ್ರೆ ಉಳಿದದ್ದನ್ನು ಕಾರ್ಡಿಗೆ ಪೂರ್ತಿ ಇಳಿಸ್ಬೇಕು, ಇಲ್ಲದಿದ್ರೆ ರನ್ ಮುಗಿಸಿ ಸ್ವಿಚ್ ಆಫ್ ಮಾಡಿದಾಗ ಫೈಲ್ ಸೊನ್ನೆ.

ಪವರ್ ಸಿಗರೇಟ್ ಸಾಕೆಟಿನಿಂದ ತಗೊಂಡ್ರೆ ಸ್ಟಾರ್ಟರ್ ಹೊಡೆದಾಗ ವೋಲ್ಟೇಜ್ ಬಿದ್ದು ಬೋರ್ಡ್ ರೀಸೆಟ್ ಆಗ್ತದೆ. ಪವರ್ ಬ್ಯಾಂಕ್ ಹಾಕಿದ್ರೆ ಅದಕ್ಕೆ ನಮ್ಮ ಡಬ್ಬಿ ಕುಡಿಯುವ ಕರೆಂಟ್ ಸಾಕಾಗುದಿಲ್ಲ, ಯಾರೂ ಇಲ್ಲ ಅಂತ ಸ್ವಲ್ಪ ಹೊತ್ತಲ್ಲಿ ಅದೇ ಆಫ್! ಕಡೆಗೆ ಒಂದು 18650 ಲಿಥಿಯಂ ಸೆಲ್ಲಿಗೆ ಚಾರ್ಜಿಂಗ್ ಬೋರ್ಡ್ ಜೋಡಿಸಿ ಒಳಗೇ ಕೂರಿಸಿದೆ. ಎಲ್ಲ ವಯರು ಸಾಲ್ಡರ್, ಜಂಪರ್ ವಯರ್ ಮಣ್ಣಿನ ಗುದ್ದಿಗೆ ನಿಲ್ಲುವ ಐಟಂ ಅಲ್ಲ. ಹಾಟ್ ಗ್ಲೂ ಹಾಕ್ಬೇಡಿ, ಮಾರ್ಚ್ ಏಪ್ರಿಲ್ ಬಿಸಿಲಿಗೆ ನಮ್ಮೂರಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಅದು ಮೆತ್ತಗಾಗಿ ಬಿಡ್ತದೆ, ಎಪಾಕ್ಸಿ ಹಾಕಿ. ಮತ್ತೆ ಕಡಲ ಗಾಳಿ. ಇಲ್ಲಿ ಬರೀ ತಾಮ್ರ ಬಿಟ್ರೆ ಒಂದು ಮಳೆಗಾಲದೊಳಗೆ ಹಸಿರಾಗ್ತದೆ, ಸಾಲ್ಡರ್ ಮಾಡಿದ ಜಾಗಕ್ಕೆಲ್ಲ ಟ್ರಾನ್ಸ್‌ಪರೆಂಟ್ ನೇಲ್ ಪಾಲಿಶ್ ಬಳಿದೆ, ಅಕ್ಕ ಬಾಟ್ಲಿ ಹುಡುಕಿ ಮನೆಯೆಲ್ಲ ಬೊಬ್ಬೆ ಹಾಕಿದ್ರು ಅದು ಬೇರೆ ಕತೆ.

ಇನ್ನು ಮುಖ್ಯ ವಿಷಯ. ಪ್ರಾಕ್ಟೀಸ್ ಮಾಡುದು ಬಜ್ಪೆ ಕಡೆ, ದೋಸ್ತಿಯ ಮಾವನ ಜಾಗ, ಮೊದಲು ಕೆಂಪು ಕಲ್ಲಿನ ಕೋರೆ ಇದ್ದದ್ದು, ಈಗ ಕಲ್ಲು ತೆಗೆದು ನೆಲ ಸಪಾಟಾಗಿ ಉಂಟು, ಎರಡು ಕಡೆ ಕೊರೆದ ಗೋಡೆ. ಮೊದಲ ಲಾಗ್ ಮ್ಯಾಪಿಗೆ ಹಾಕಿದ್ರೆ ಕಾರು ಒಂದು ರನ್ನಲ್ಲಿ ಗೋಡೆಯ ಒಳಗೇ ಹೋಗಿತ್ತು. ಸಿಗ್ನಲ್ ಗೋಡೆಗೆ ಹೊಡೆದು ವಾಪಸ್ ಬರುದ್ರಿಂದ ಹಾಗಾಗುದು, ಅದಿಲ್ಲದಿದ್ರೂ ಈ ಮಾಡ್ಯೂಲಿನ ಜಾಗದ ಲೆಕ್ಕ ಎರಡೂವರೆ ಮೀಟರ್ ಆಚೀಚೆ. ಕೋನಿನಿಂದ ಅರ್ಧ ಮೀಟರ್ ಒಳಗೆ ಹೋದ್ನಾ ಹೊರಗೆ ಹೋದ್ನಾ ಅಂತ ಇದ್ರಲ್ಲಿ ನೋಡ್ಲಿಕ್ಕೆ ಹೋದ್ರೆ ಬರೀ ಜಗಳ.

ಸ್ಪೀಡ್ ಹಾಗಲ್ಲ. ಜಾಗ ಸಿಗುದು ಸ್ಯಾಟಲೈಟಿನಿಂದ ಸಿಗ್ನಲ್ ಬರ್ಲಿಕ್ಕೆ ಎಷ್ಟು ಹೊತ್ತು ತಗೊಳ್ತು ಅನ್ನುವ ಲೆಕ್ಕದಿಂದ, ಸ್ಪೀಡ್ ಸಿಗುದು ಡಾಪ್ಲರ್‌ನಿಂದ, ಅಂದ್ರೆ ನಾವು ಓಡುವಾಗ ಆ ಸಿಗ್ನಲಿನ ಫ್ರೀಕ್ವೆನ್ಸಿ ಎಷ್ಟು ಜಾರಿತು ಅಂತ ನೋಡಿ. ಕಂಪೆನಿಯ ಡೇಟಾಶೀಟಲ್ಲೇ ಸ್ಪೀಡಿಗೆ ಸೆಕೆಂಡಿಗೆ 0.1 ಮೀಟರ್ ಅಂತ ಕೊಟ್ಟಿದ್ದಾರೆ, ಗಂಟೆಗೆ ಅರ್ಧ ಕಿಲೋಮೀಟರೂ ಇಲ್ಲ. ಗುದ್ದಾಟದಲ್ಲಿ ಅಷ್ಟು ಸಿಗ್ಲಿಕ್ಕಿಲ್ಲ, ಆದ್ರೂ ನಮ್ಮ ಕೆಲಸಕ್ಕೆ ಧಾರಾಳ. ಹಾಗಾಗಿ ಮ್ಯಾಪನ್ನು ಬದಿಗಿಟ್ಟು ಬರೀ ಸ್ಪೀಡ್ ಗ್ರಾಫ್ ಹಿಡ್ಕೊಂಡೆ. ಆಂಟೆನಾವನ್ನು ಡ್ಯಾಶ್‌ಬೋರ್ಡಿನಿಂದ ತೆಗೆದು ರೂಫ್ ಮೇಲೆ ಮಧ್ಯಕ್ಕೆ ಅಂಟಿಸಿದ ಮೇಲೆ ಗೋಡೆಯ ಕಾಟವೂ ಎಷ್ಟೋ ಕಮ್ಮಿ ಆಯ್ತು.

ಗ್ರಾಫ್ ಮಾಡುದು ನನ್ನ ಹಳೇ ಥಿಂಕ್‌ಪ್ಯಾಡಲ್ಲಿ, ಸೆಕೆಂಡ್ ಹ್ಯಾಂಡ್ ತಗೊಂಡು ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಏರಿಸಿದ್ದು, ಪೈಥಾನಲ್ಲಿ ಸಣ್ಣ ಪ್ರೋಗ್ರಾಮ್ ಬರೆದ್ರೆ ಮುಗೀತು. ಒಂದು ಟ್ರಿಕ್ ಮಾತ್ರ ಬಿಡ್ಬಾರ್ದು, ಗ್ರಾಫಿನ ಕೆಳಗಿನ ಗೆರೆಯಲ್ಲಿ ಟೈಮ್ ಹಾಕ್ಬೇಡಿ, ದೂರ ಹಾಕಿ. ಟೈಮ್ ಹಾಕಿದ್ರೆ ಒಂದು ರನ್ನಲ್ಲಿ ಸ್ವಲ್ಪ ಲೇಟ್ ಆದ ಕೂಡ್ಲೆ ಮುಂದಿನ ಎಲ್ಲ ತಿರುವು ಆಚೀಚೆ ಆಗಿ ಎರಡು ರನ್ ಒಂದರ ಮೇಲೊಂದು ಕೂರುದೇ ಇಲ್ಲ. ಸ್ಪೀಡನ್ನೇ ಕೂಡಿಸಿ ಕೂಡಿಸಿ ದೂರ ಮಾಡ್ಕೊಳ್ಳುದು, ಅದರ ಮೇಲೆ ಎರಡು ಗೆರೆ ಎಳೆದ್ರೆ ಯಾವ ಕೋನಿನ ಹತ್ರ ಒಂದು ಗೆರೆ ಕೆಳಗೆ ಬಿತ್ತು ಅಂತ ಕಣ್ಣಿಗೆ ಹೊಡೀತದೆ.

ಕಣ್ಣಿಗೆ ಹೊಡೆದದ್ದು ಎಂತ ಅಂದ್ರೆ, ಸ್ಟ್ರೈಟಲ್ಲಿ ಎಸ್ಟೀಮ್ ಎಳೀತದೆ! ಎಲ್ಲ ರನ್ನಲ್ಲೂ ಆಕ್ಸಿಲರೇಟರ್ ಒತ್ತಿದ ಮೇಲೆ ಗೆರೆ ಒಂದೇ ಓರೆಯಲ್ಲಿ ಏರ್ತದೆ. ಟೈಮ್ ಹೋಗುದು ಮಧ್ಯದ ಅಗಲ ತಿರುವಲ್ಲಿ. ಅಲ್ಲಿ ದೋಸ್ತಿ ಹ್ಯಾಂಡ್‌ಬ್ರೇಕ್ ಎಳೆದು ಹಿಂದೆ ಜಾರಿಸಿ ತಿರುಗಿಸ್ತಾನೆ, ನೋಡುವವ್ರಿಗೆ ರೋಮಾಂಚನ, ಮಣ್ಣು ಎಷ್ಟೆತ್ತರ ಹಾರ್ತದೆ. ಗ್ರಾಫಲ್ಲಿ ಸ್ಪೀಡ್ ಗುಂಡಿಗೆ ಬಿದ್ದ ಹಾಗೆ ಕೆಳಗಿಳಿದು, ಮತ್ತೆ ಫ್ರಂಟ್ ವೀಲ್ ಸುಮ್ಮನೆ ತಿರುಗುತ್ತಾ ನಿಧಾನ ಏರ್ತದೆ. ಮುಂದೆ ಸುಮಾರು 80 ಮೀಟರ್ ಸ್ಟ್ರೈಟ್. ಆ 80 ಮೀಟರನ್ನು ಸರಾಸರಿ 40 ಕಿಲೋಮೀಟರಲ್ಲಿ ದಾಟಿದ್ರೆ 7.2 ಸೆಕೆಂಡು, 36 ರಲ್ಲಿ ದಾಟಿದ್ರೆ ಸರಿಯಾಗಿ 8. ಅವನು "ಎಳೆಯುದಿಲ್ಲ" ಅಂತಿದ್ದದ್ದು ಇದನ್ನೇ, ಸ್ಟ್ರೈಟಿಗೆ ಬರುವಾಗ್ಲೇ ಸ್ಪೀಡ್ ಇರ್ತಿರ್ಲಿಲ್ಲ.

ತೋರಿಸಿದ್ರೆ ಒಪ್ಪಬೇಕಲ್ಲ. "ನಿನ್ನ ಡಬ್ಬಿ ಸುಳ್ಳು ಹೇಳ್ತದೆ ಮಾರಾಯ, ಹ್ಯಾಂಡ್‌ಬ್ರೇಕ್ ಹಾಕದೆ ಮಣ್ಣಲ್ಲಿ ಯಾರು ತಿರುಗಿಸ್ತಾರೆ?" ಆಯ್ತು, ಎರಡೂ ತರ ಬಿಡು, ಸ್ಟಾಪ್‌ವಾಚ್ ಹಿಡಿಯುದು ನಿನ್ನ ಮಾವ, ನಾನು ಮುಟ್ಟುದಿಲ್ಲ ಅಂದೆ. ಮಾವನಿಗೆ ಭಾರಿ ಖುಷಿ. ಅಗಲ ತಿರುವಲ್ಲಿ ಸ್ವಲ್ಪ ಮುಂಚೆ ಬ್ರೇಕ್ ಹಾಕಿ ಸೆಕೆಂಡ್ ಗೇರಲ್ಲೇ ಉರುಟಾಗಿ ತಂದ ರನ್ನುಗಳೆಲ್ಲ ಬೇಗ ಬಂತು. ಇರುಕು ಯೂ ಟರ್ನಲ್ಲಿ ಮಾತ್ರ ಅವನದ್ದೇ ಸರಿ, ಅಲ್ಲಿ ಹ್ಯಾಂಡ್‌ಬ್ರೇಕ್ ಇಲ್ಲದೆ ಹೋದ್ರೆ ಕಾರು ಅಗಲ ಹೋಗಿ ಟೈಮ್ ಇನ್ನೂ ಹಾಳು. ಅಷ್ಟು ಆದ ಮೇಲೆ ಡಬ್ಬಿಗೆ ಮರ್ಯಾದೆ ಬಂತು, ಈಗ ರನ್ ಮುಗಿದ ಕೂಡ್ಲೆ ಹೆಲ್ಮೆಟ್ ತೆಗೆಯುವ ಮೊದಲೇ ಲ್ಯಾಪ್‌ಟಾಪ್ ಓಪನ್ ಮಾಡು ಅಂತಾನೆ.

ಇದ್ರಲ್ಲಿ ಆಗದ ಕೆಲಸವೂ ಉಂಟು. ಸ್ಪರ್ಧೆಯಲ್ಲಿ ಟೈಮಿಂಗ್ ಬೀಮ್ ಹಾಕಿ ಸೆಕೆಂಡಿನ ಸಣ್ಣ ಸಣ್ಣ ಭಾಗ ಅಳೀತಾರೆ, 200 ಮಿಲಿಸೆಕೆಂಡಿಗೊಂದು ಚುಕ್ಕೆ ಇರುವ ನನ್ನ ಡಬ್ಬಿಯಲ್ಲಿ ನಡುವಿನದ್ದನ್ನು ಲೆಕ್ಕ ಹಾಕಿ ತುಂಬಿಸ್ಬೇಕು, ಅದನ್ನು ಹಿಡ್ಕೊಂಡು ರಿಸಲ್ಟ್ ಬಗ್ಗೆ ವಾದ ಮಾಡ್ಲಿಕ್ಕೆ ಹೋಗ್ಬಾರ್ದು. ಅಡಿಕೆ ತೋಟದ ದಾರಿಯಲ್ಲಿ ಟ್ರೈ ಮಾಡಿದ್ರೆ ಮರಗಳ ಅಡಿ ಸಿಗ್ನಲ್ ಬಂದು ಹೋಗಿ ಮಾಡ್ತದೆ, ಬಯಲು ಬೇಕು. ಎಂಜಿನ್ ಆರ್‌ಪಿಎಂ ಕೂಡ ಇಲ್ಲ, ವೀಲ್ ಸುಮ್ಮನೆ ತಿರುಗಿದ್ದು ಎಷ್ಟು ಅಂತ ಸ್ಪೀಡ್ ನೋಡಿ ಊಹೆ ಮಾಡುದೇ. ಇಗ್ನಿಷನ್ ಲೈನಿನಿಂದ ಪಲ್ಸ್ ತೆಗೀಬಹುದು, ಆದ್ರೆ ಕಾಯಿಲಿನ ಸ್ಪೈಕ್ ನೂರಾರು ವೋಲ್ಟ್ ಬರ್ತದೆ, ಸೀದಾ ಕೊಟ್ರೆ 3.3 ವೋಲ್ಟಿನ ಇಎಸ್‌ಪಿ ಅಲ್ಲೇ ಸುಟ್ಟು ಹೋಗ್ತದೆ. ಅದಕ್ಕೆ ಆಪ್ಟೋಕಪ್ಲರ್, ಅಂದ್ರೆ ವಯರಿನ ಬದಲು ಬೆಳಕಿನಿಂದ ಸಿಗ್ನಲ್ ದಾಟಿಸುವ ಪಾರ್ಟು, ಹಾಕಿ ಬೇರೆ ಸಣ್ಣ ಬೋರ್ಡ್ ಮಾಡ್ತಾ ಇದ್ದೇನೆ, ಮಳೆ ಬಿಟ್ಟು ಕೋರೆಯ ನೀರು ಇಳಿದ ಮೇಲೆ ಎಸ್ಟೀಮಿಗೆ ಹಾಕಿ ನೋಡ್ಬೇಕು. ಎಕ್ಸಾಸ್ಟಿಗೆ ಅಂತ ಇಟ್ಟಿದ್ದ ದುಡ್ಡಲ್ಲಿ ದೋಸ್ತಿ ಟಯರ್ ತಗೊಂಡ, ಗ್ಯಾರೇಜಿನ ಅಣ್ಣನಿಗೆ ನನ್ನ ಮೇಲೆ ಸ್ವಲ್ಪ ಸಿಟ್ಟುಂಟು.