ಹೋಮ್ ಥಿಯೇಟರ್‌ಗೆ ಡಿಸ್ಕ್ ಪ್ಲೇಯರ್ ಆರಿಸಿದ್ದು, ಜೋಡಿಸಿದ್ದು: ನನ್ನ ಅನುಭವ

ಪ್ಲೇಯರ್ ಆರಿಸುವಾಗ ನಾನು ಮೊದಲು ನೋಡಿದ್ದು ಪ್ಲೇಯರನ್ನಲ್ಲ, ಅದರ ಮುಂದಿನ ಕೊಂಡಿಗಳನ್ನು. ನನ್ನಲ್ಲಿರುವುದು ಡಾಲ್ಬಿ ವಿಷನ್ ಇಲ್ಲದ, ಎಚ್‌ಡಿಆರ್10 ಮಾತ್ರ ತಿಳಿಯುವ 4ಕೆ ಪ್ರೊಜೆಕ್ಟರ್ (ಎರಡೂ ಬೆಳಕು-ಕತ್ತಲಿನ ವ್ಯಾಪ್ತಿ ಹೆಚ್ಚಿರುವ ಎಚ್‌ಡಿಆರ್ ಚಿತ್ರದ ಬಗೆಗಳು). ಜೊತೆಗೆ 4ಕೆ ಚಿತ್ರದ ನಕಲು ತಡೆ ವ್ಯವಸ್ಥೆಯಾದ ಎಚ್‌ಡಿಸಿಪಿ 2.2 ಇಲ್ಲದ, ಸ್ಪೀಕರ್‌ಗಳನ್ನು ನಡೆಸುವ ಹಳೆಯ ರಿಸೀವರ್. ಯಾವ ಪ್ಲೇಯರ್ ಬೇಕೆಂಬುದನ್ನು ಈ ಎರಡೇ ಬಹುಪಾಲು ತೀರ್ಮಾನಿಸಿಬಿಟ್ಟವು.

ಮಾರುಕಟ್ಟೆಯಲ್ಲಿ ಆಯ್ಕೆಯೂ ಕಡಿಮೆ. ಒಪ್ಪೊ 2018ರಲ್ಲಿ ಪ್ಲೇಯರ್ ತಯಾರಿಕೆ ನಿಲ್ಲಿಸಿತು, ಸ್ಯಾಮ್‌ಸಂಗ್ 2019ರಲ್ಲಿ ಹೊಸ ಮಾದರಿಗಳಿಂದ ಹಿಂದೆ ಸರಿಯಿತು. ಹಳೆಯ ಒಪ್ಪೊಗೆ ಈಗಲೂ ಒಳ್ಳೆಯ ಹೆಸರಿದೆ. ಆದರೆ ಲೇಸರ್ ಹೆಡ್ ಸವೆದರೆ ಬಿಡಿಭಾಗ ಹುಡುಕಬೇಕಾದ ಯಂತ್ರಕ್ಕೆ ದುಬಾರಿ ಸೆಕೆಂಡ್ ಹ್ಯಾಂಡ್ ಬೆಲೆ ಕೊಡುವುದು ನನಗೆ ಸರಿಕಾಣಲಿಲ್ಲ. ಕೊನೆಗೆ ಉಳಿದದ್ದು ಪ್ಯಾನಸಾನಿಕ್ ಯುಬಿ820 ಮತ್ತು ಸೋನಿ ಎಕ್ಸ್800ಎಂ2.

ಎರಡರಲ್ಲೂ ಎರಡು ಎಚ್‌ಡಿಎಂಐ ಔಟ್‌ಪುಟ್ ಇವೆ. ಹಳೆಯ ರಿಸೀವರ್ ಇರುವವರಿಗೆ ಇದು ಬಹಳ ಮುಖ್ಯ. 4ಕೆ ಸಿಗ್ನಲನ್ನು ಎಚ್‌ಡಿಸಿಪಿ 2.2 ಇಲ್ಲದ ರಿಸೀವರ್ ಮೂಲಕ ಹಾಯಿಸಿದರೆ ಚಿತ್ರ 1080ಪಿಗೆ ಇಳಿಯುತ್ತದೆ, ಇಲ್ಲವೇ ಪರದೆ ಕಪ್ಪಾಗುತ್ತದೆ. ಮುಖ್ಯ ಔಟ್‌ಪುಟ್ ನೇರ ಪ್ರೊಜೆಕ್ಟರ್‌ಗೆ ಹೋಗಲಿ, ಎರಡನೆಯದು ಧ್ವನಿಗಷ್ಟೇ ಎಂದು ಸೆಟ್ಟಿಂಗ್ ಮಾಡಿ ರಿಸೀವರ್‌ಗೆ ಕೊಡಿ. ಹೊಸ ರಿಸೀವರಿನ ಖರ್ಚು ಉಳಿಯುತ್ತದೆ. ಆಪ್ಟಿಕಲ್ ಕೇಬಲ್ ಇದಕ್ಕೆ ಬದಲಿಯಲ್ಲ: ಅದರಲ್ಲಿ ಸಾಮಾನ್ಯ ಡಾಲ್ಬಿ ಡಿಜಿಟಲ್, ಡಿಟಿಎಸ್ ಹೋಗುತ್ತವೆ, ಗುಣಮಟ್ಟ ಕಳೆಯದ ಟ್ರೂಎಚ್‌ಡಿ ಧ್ವನಿ ಹೋಗುವುದಿಲ್ಲ.

ಪ್ಯಾನಸಾನಿಕ್ ಕಡೆ ತಕ್ಕಡಿ ವಾಲಿದ್ದು ಅದರ ಟೋನ್ ಮ್ಯಾಪಿಂಗ್‌ನಿಂದ, ಅಂದರೆ ಡಿಸ್ಕ್‌ನ ಬೆಳಕನ್ನು ಪರದೆಯ ಶಕ್ತಿಗೆ ಹೊಂದಿಸುವ ಕೆಲಸದಿಂದ. ಎಚ್‌ಡಿಆರ್ ಡಿಸ್ಕ್‌ಗಳನ್ನು ಸಾಮಾನ್ಯವಾಗಿ 1000 ಅಥವಾ 4000 ನಿಟ್ಸ್ (ಬೆಳಕಿನ ಪ್ರಖರತೆಯ ಅಳತೆ) ಲೆಕ್ಕದಲ್ಲಿ ಸಿದ್ಧಪಡಿಸಿರುತ್ತಾರೆ. ಮನೆಯ ಪ್ರೊಜೆಕ್ಟರ್ ಪರದೆಯ ಮೇಲೆ ಬೀಳಿಸುವ ಬೆಳಕು ಅದರ ಹತ್ತನೇ ಒಂದು ಭಾಗ ಮುಟ್ಟುವುದೂ ಕಷ್ಟ. ಈ ಅಂತರವನ್ನು ಯಾರೂ ಸರಿದೂಗಿಸದಿದ್ದರೆ ಮೋಡದ ವಿವರ ಬಿಳಿಯಲ್ಲಿ ಕರಗುತ್ತದೆ, ಅಥವಾ ಇಡೀ ಚಿತ್ರ ಮಬ್ಬಾಗುತ್ತದೆ. ಯುಬಿ820ರ ಮೆನುವಿನಲ್ಲಿ ಡಿಸ್‌ಪ್ಲೇ ಬಗೆಯನ್ನು ಪ್ರೊಜೆಕ್ಟರ್ ಎಂದು ಆರಿಸಿ, ಎಚ್‌ಡಿಆರ್ ಆಪ್ಟಿಮೈಸರ್ ಆನ್ ಮಾಡಿದರೆ ಈ ಹೊಂದಾಣಿಕೆ ಪ್ಲೇಯರ್‌ನಲ್ಲೇ ಆಗುತ್ತದೆ. ಸೂರ್ಯ ಮುಳುಗುವ ದೃಶ್ಯವೊಂದನ್ನು ನಿಲ್ಲಿಸಿ ಅದನ್ನು ಆನ್, ಆಫ್ ಮಾಡಿ ನೋಡಿ. ಸೂರ್ಯನ ಅಂಚು ಕಾಣುತ್ತದೋ ಇಲ್ಲವೋ ಎಂಬುದೇ ಪರೀಕ್ಷೆ.

ಡಾಲ್ಬಿ ವಿಷನ್ ಇರುವ ಓಎಲ್‌ಇಡಿ ಟಿವಿ ನಿಮ್ಮಲ್ಲಿದ್ದರೆ ಲೆಕ್ಕ ಬೇರೆ. ಆಗ ಸೋನಿಯೂ ಒಳ್ಳೆಯ ಆಯ್ಕೆ, ಅದು ಎಸ್‌ಎಸಿಡಿ ಎಂಬ ಉತ್ತಮ ಗುಣಮಟ್ಟದ ಸಂಗೀತದ ಡಿಸ್ಕನ್ನೂ ಓದುತ್ತದೆ. ಆದರೆ ಅದರಲ್ಲಿ ಡಾಲ್ಬಿ ವಿಷನ್ ಅನ್ನು ಡಿಸ್ಕ್ ನೋಡಿಕೊಂಡು ಕೈಯಾರೆ ಬದಲಿಸಬೇಕು. ಡಿಸ್ಕ್ ಡ್ರೈವ್ ಇರುವ ಪಿಎಸ್5 ಗೇಮ್ ಯಂತ್ರ ಸಾಕಲ್ಲವೇ ಎಂದು ಕೇಳುವವರಿಗೆ: 4ಕೆ ಡಿಸ್ಕ್ ಓಡುತ್ತದೆ, ಡಾಲ್ಬಿ ವಿಷನ್ ಬರುವುದಿಲ್ಲ, ಆಡಿಯೋ ಸಿಡಿಯನ್ನಂತೂ ಅದು ಓದುವುದೇ ಇಲ್ಲ. ಮನೆಯಲ್ಲಿ ಹಳೆಯ ಕನ್ನಡ ಸಿನಿಮಾ ವಿಸಿಡಿಗಳಿದ್ದರೆ ಯಾವುದೇ ಪ್ಲೇಯರ್ ಕೊಳ್ಳುವ ಮುನ್ನ ಕೈಪಿಡಿಯ ಡಿಸ್ಕ್ ಪಟ್ಟಿ ಓದಿ. ಹಳೆಯ ಡಿವಿಡಿ ಪ್ಲೇಯರನ್ನು ಗುಜರಿಗೆ ಹಾಕಬೇಡಿ.

ಹೊರದೇಶದಿಂದ ತರಿಸುವುದಾದರೆ ಹಿಂಬದಿಯ ವೋಲ್ಟೇಜ್ ಬರಹ ನೋಡಲೇಬೇಕು. 120 ವೋಲ್ಟ್ ಮಾತ್ರ ಎಂದಿದ್ದರೆ ನಮ್ಮ 230ಕ್ಕೆ ಸಿಕ್ಕಿಸಿದ ಕೂಡಲೇ ಸುಡುತ್ತದೆ; ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, 100 ವಿಎ ಧಾರಾಳ. 4ಕೆ ಡಿಸ್ಕ್‌ಗೆ ಪ್ರದೇಶದ ಬೀಗ (ಒಂದು ಪ್ರದೇಶದ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡದಂತೆ ಮಾಡುವ ತಡೆ) ಇಲ್ಲ. ಸಾಮಾನ್ಯ ಬ್ಲೂ-ರೇಗೆ ಇರಬಹುದು: ಭಾರತ ಸಿ, ಅಮೆರಿಕ ಎ, ಬ್ರಿಟನ್ ಬಿ. ಡಿವಿಡಿಯಲ್ಲಿ ನಮ್ಮದು 5.

ಕೇಬಲ್ ವಿಚಾರದಲ್ಲಿ ಮೋಸ ಹೋಗುವುದು ಹೀಗೆ. 24 ಫ್ರೇಮಿನ 4ಕೆ ಸಿನಿಮಾಕ್ಕೆ ಸೆಕೆಂಡಿಗೆ ಸುಮಾರು 9 ಗಿಗಾಬಿಟ್ ಸಾಕು, 60 ಫ್ರೇಮಿನ ಎಚ್‌ಡಿಆರ್‌ಗೆ ಸುಮಾರು 18 ಬೇಕು. ಹಾಗಾಗಿ ಕಳಪೆ ಕೇಬಲ್ಲಿನಲ್ಲೂ ಸಿನಿಮಾ ಚೆನ್ನಾಗಿ ಓಡಿ, 60 ಫ್ರೇಮ್ ಬಂದ ಕ್ಷಣ ಬಿಳಿ ಚುಕ್ಕಿಗಳು ಮಿನುಗುತ್ತವೆ ಅಥವಾ ಚಿತ್ರ ಹೋಗಿ ಬರುತ್ತದೆ. ತಪ್ಪು ಪ್ಲೇಯರಿನ ಮೇಲೆ ಬೀಳುತ್ತದೆ. 10 ಮೀಟರ್ ದೂರದ ಪ್ರೊಜೆಕ್ಟರ್‌ಗೆ ತಾಮ್ರದ ಕೇಬಲ್ ಬಿಟ್ಟು ಫೈಬರ್ ಎಚ್‌ಡಿಎಂಐ ಹಾಕಿ. ಅದಕ್ಕೆ ದಿಕ್ಕಿದೆ, ‘ಸೋರ್ಸ್’ ಎಂದಿರುವ ತುದಿ ಪ್ಲೇಯರ್ ಕಡೆಗೇ ಬರಬೇಕು. ಗೋಡೆಯೊಳಗೆ ಎಳೆಯುವ ಮೊದಲೇ ಎರಡೂ ತುದಿ ಸಿಕ್ಕಿಸಿ ಪರೀಕ್ಷಿಸಿ.

ಧ್ವನಿಯಲ್ಲಿ ಡಿಜಿಟಲ್ ಆಡಿಯೋ ಔಟ್‌ಪುಟ್ ಬಿಟ್‌ಸ್ಟ್ರೀಮ್ (ಧ್ವನಿಯನ್ನು ಬಿಚ್ಚದೆ ಹಾಗೇ ಕಳಿಸುವುದು) ಆಗಿರಲಿ, ಸೆಕೆಂಡರಿ ಆಡಿಯೋ ಆಫ್ ಆಗಿರಲಿ. ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ಅದು ಆನ್ ಇದ್ದರೆ ಮೆನುವಿನ ಸದ್ದನ್ನು ಬೆರೆಸಲೆಂದು ಪ್ಲೇಯರ್ ಧ್ವನಿಯನ್ನು ಬಿಚ್ಚಿ ಮತ್ತೆ ಕಟ್ಟುತ್ತದೆ, ಮೇಲಿನಿಂದಲೂ ಸದ್ದು ಕೇಳಿಸುವ ಅಟ್ಮಾಸ್‌ನ ಮಾಹಿತಿ ದಾರಿಯಲ್ಲೇ ಕಳೆದುಹೋಗುತ್ತದೆ. ಅಟ್ಮಾಸ್ ಇರುವ ರಿಸೀವರ್ ಆದರೆ ಮುಂಭಾಗದಲ್ಲಿ ‘ಅಟ್ಮಾಸ್’ ಎಂದೇ ಬರಬೇಕು, ‘ಮಲ್ಟಿಚಾನೆಲ್ ಪಿಸಿಎಂ’ (ಪ್ಲೇಯರ್ ಬಿಚ್ಚಿ ಕಳಿಸಿದ ಧ್ವನಿ) ಎಂದು ಬಂದರೆ ಸೆಟ್ಟಿಂಗ್ ತಪ್ಪಿದೆ. ಬಿಟ್‌ಸ್ಟ್ರೀಮ್ ಹೋಗುತ್ತಿರುವಾಗ ಧ್ವನಿ ಬಿಚ್ಚುವುದು ರಿಸೀವರ್. ಆದ್ದರಿಂದ ದುಬಾರಿ ಪ್ಲೇಯರ್‌ಗೆ ‘ಸೌಂಡ್ ಚೆನ್ನಾಗಿದೆ’ ಎಂದು ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ.

100 ಜಿಬಿಯ ಮೂರು ಪದರದ ಡಿಸ್ಕ್ ಒಂದೇ ಜಾಗದಲ್ಲಿ ತಡವರಿಸಿದರೆ ಪ್ಲೇಯರನ್ನು ದೂರುವ ಮುನ್ನ ಡಿಸ್ಕ್ ನೋಡಿ. ಹೊಸದರ ಮೇಲೂ ಕೈಗುರುತು, ಮಸುಕು ಇರುತ್ತದೆ. ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿ ಒರೆಸಬೇಡಿ. ಆಮೇಲೂ ನಿಂತರೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಆದರೆ ಪ್ಲೇಯರನ್ನು ಯುಪಿಎಸ್‌ಗೆ ಸಿಕ್ಕಿಸಿಯೇ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಪ್ಲೇಯರ್ ಮತ್ತೆ ಆನ್ ಆಗದೇ ಹೋಗಬಹುದು.